1.3ಕ್ಕಿಂತ 1.25 ದೊಡ್ಡದು!

ಉತ್ತರ ಕನ್ನಡದ ಸಿದ್ದಾಪುರದ ಕಡೆಯ ಒಂದು ಸರ್ಕಾರಿ ಶಾಲೆ. ಆರನೇ ತರಗತಿಯ ಬೋರ್ಡಿನ ಮೇಲೆ ಅಕ್ಕೋರು 1.25, 1.3 ಎಂದು ಬರೆದು ಯಾವುದು ದೊಡ್ಡದೆಂದು ಕೇಳಿದರು. ಹೆಚ್ಚಿನ ಮಕ್ಕಳು 1.25 ಎಂದವು. ದಶಮಾಂಶ ಕಲಿಸಿದವರಿಗೆಲ್ಲ ಗೊತ್ತಿರುವ ತಪ್ಪು ಇದು. ಶಿಕ್ಷಕರ ತರಬೇತಿಗಳಲ್ಲಿ ಇದಕ್ಕೆ ಸಿದ್ಧ ಉತ್ತರವೂ ಉಂಟು. ಅಕ್ಕೋರು ತಿದ್ದಲು ಹೊರಟಾಗ ಹಿಂದಿನ ಬೆಂಚಿನ ಹುಡುಗಿ ಬಿಡಲಿಲ್ಲವಂತೆ: "ನಮ್ಮನೆ ತೋಟ 1.25, ಚಿಕ್ಕಪ್ಪಂದು 1.3. ನಮ್ದೇ ದೊಡ್ಡದು ಅಲ್ದಾ ಅಕ್ಕೋರೇ?"

ದೊಡ್ಡದೇ. ಒಂದು ಎಕರೆ ಇಪ್ಪತ್ತೈದು ಗುಂಟೆ, ಒಂದು ಎಕರೆ ಮೂರು ಗುಂಟೆಗಿಂತ ದೊಡ್ಡದೇ.

ಅಕ್ಕೋರು ಇದನ್ನು ನನಗೆ ಹೇಳುವಾಗ ಆ ದಿನದ ಬೆರಗು ಇನ್ನೂ ಆರಿರಲಿಲ್ಲ. ಹೇಳಿಸಿಕೊಂಡ ನನಗೂ ಈಗಲೂ ಆರಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ಮನೆಗಳಲ್ಲಿ ಹುಟ್ಟಿದ ಮಗು ಚುಕ್ಕಿಯನ್ನು ಮೊದಲು ಕಾಣುವುದು ಪಠ್ಯಪುಸ್ತಕದಲ್ಲಲ್ಲ, ಜಮೀನಿನ ಕಾಗದವಾದ ಪಹಣಿಯಲ್ಲಿ. ಅಲ್ಲಿ ಚುಕ್ಕಿಯ ಆಚೆ ನಲವತ್ತಾದರೆ ಈಚೆ ಒಂದು. 0.38ಕ್ಕೆ 0.02 ಸೇರಿಸಿದರೆ ಪೂರ್ತಿ ಎಕರೆ. 1.20 ಎಂದರೆ ಒಂದೂವರೆ. ಮರುದಿನ ಅಕ್ಕೋರು ಕೇಳಿದ್ದು ಒಂದೇ ಪ್ರಶ್ನೆ: "ಚುಕ್ಕಿಯ ಈಚೆ ಒಂದಾಗಲು ಆಚೆ ಎಷ್ಟು ಬೇಕು?" ಎಕರೆಗೆ 40, ರೂಪಾಯಿಗೆ 100 ಎಂದು ಉತ್ತರ ಬಂತು. ಓವರಿಗೆ 6 ಎಂದು ಕ್ರಿಕೆಟ್ ಹುಡುಗರು ಸೇರಿಸಿದರು, 4.5 ಆದ ಮೇಲೆ ಇನ್ನೊಂದು ಬಾಲಿಗೆ 5. ಸ್ಥಾನಬೆಲೆ ಎಂಬ ಪಾಠ ಮಕ್ಕಳ ಬಾಯಿಂದಲೇ ಬಂತು. ತರಬೇತಿಯಲ್ಲಿ ತೋರಿಸುವ ಗಣಿತದ ಪೆಟ್ಟಿಗೆಯಲ್ಲಿ ಹತ್ತರ ಕಟ್ಟುಗಳಿರುತ್ತವೆ, ನಲವತ್ತರದು ಇರುವುದಿಲ್ಲ. ಆ ಪೆಟ್ಟಿಗೆಗಳ ಬಗ್ಗೆ ನನಗೆ ಮೊದಲಿಂದಲೂ ಅಷ್ಟಕ್ಕಷ್ಟೆ.

ಗಮ್ಮತ್ತು ಇರುವುದು ಬೆಟ್ಟದ ಲೆಕ್ಕದಲ್ಲಿ. ಉತ್ತರ ಕನ್ನಡದಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ ಗರಿಷ್ಠ ಒಂಬತ್ತು ಎಕರೆ ಸೊಪ್ಪಿನ ಬೆಟ್ಟದ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡಿನ, ಸವಲತ್ತು. ಹಾಗಾದರೆ 1.25ರ ತೋಟಕ್ಕೆ ಎಷ್ಟು? ಮೊಬೈಲಿನಲ್ಲಿ ಒಂಬತ್ತರಿಂದ ಗುಣಿಸಿದ ಹುಡುಗ 11.25 ಎಂದ. ಹುಡುಗಿ ಮಾತ್ರ ಎಲ್ಲವನ್ನೂ ಗುಂಟೆಗೆ ಇಳಿಸಿದಳು. 65 ಗುಂಟೆ, ಒಂಬತ್ತು ಪಟ್ಟು 585, ಅಂದರೆ 14 ಎಕರೆ 25 ಗುಂಟೆ. ಮೊಬೈಲಿನ ಉತ್ತರವನ್ನು ಪಹಣಿಯ ಕಣ್ಣಿಂದ ಓದಿದರೆ ಸರಿಯಾಗಿ ಮೂರು ಎಕರೆ ಬೆಟ್ಟ ಖೋತಾ!

ಈ ನಲವತ್ತು ಬಂದದ್ದೆಲ್ಲಿಂದ ಎಂದು ಬೆನ್ನುಹತ್ತಿದೆ. ಒಂದು ಗುಂಟೆ 33 ಅಡಿ ಉದ್ದ, 33 ಅಡಿ ಅಗಲದ ಚೌಕ, 1,089 ಚದರ ಅಡಿ. ಅಂಥ ನಲವತ್ತು ಸೇರಿದರೆ ಎಕರೆಯ 43,560. ಈ 33 ಅಡಿ ಎಂಬುದು ಇಂಗ್ಲೆಂಡಿನ ಎಡ್ಮಂಡ್ ಗಂಟರ್ 17ನೇ ಶತಮಾನದಲ್ಲಿ ರೂಪಿಸಿದ 66 ಅಡಿಯ ಅಳತೆ ಸರಪಳಿಯ ಸರೀ ಅರ್ಧ. ಕ್ರಿಕೆಟ್ ಪಿಚ್ಚಿನ 22 ಗಜವೂ ಅದೇ 66 ಅಡಿ. ಅಂದರೆ ಹುಡುಗರ ಪಿಚ್ಚಿನ ಉದ್ದಕ್ಕೆ ಎರಡು ಗುಂಟೆಗಳನ್ನು ಸಾಲಾಗಿ ಇಡಬಹುದು. ಲೇಖನಕ್ಕೆ ಇದು ಬೇಕಿರಲಿಲ್ಲ, ಬಿಡಲು ಮನಸ್ಸಾಗಲಿಲ್ಲ.

ಇನ್ನೊಂದು ತಮಾಷೆ. ತಾಯಿಯ ತವರು ದಕ್ಷಿಣ ಕನ್ನಡದ ಪುತ್ತೂರಿನ ಕಡೆ ಇದ್ದ ಹುಡುಗನೊಬ್ಬ, ಅಜ್ಜನ ಮನೆಯಲ್ಲಿ ನೂರು ಸೆಂಟ್ಸಿಗೆ ಎಕರೆ ಎಂದು ತಕರಾರು ತೆಗೆದನಂತೆ. ಅವನ ಮಾತೂ ಸರಿ. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಹೋಯಿತು, ದಕ್ಷಿಣ ಕನ್ನಡ ಮದರಾಸಿನಲ್ಲೇ ಉಳಿಯಿತು. ಇಲ್ಲಿ ಗುಂಟೆ, ಅಲ್ಲಿ ಸೆಂಟ್ಸು. ಅಜ್ಜನ ಮನೆಯ 1.25 ಪಠ್ಯಪುಸ್ತಕಕ್ಕೆ ಒಪ್ಪುತ್ತದೆ, ಅಪ್ಪನ ಮನೆಯದು ಒಪ್ಪುವುದಿಲ್ಲ. ದುಡ್ಡಂತೂ ನೂರರ ಲೆಕ್ಕಕ್ಕೆ ಬಂತು: 1957ರ ಏಪ್ರಿಲ್ 1ರಂದು ಹದಿನಾರು ಆಣೆಯ ರೂಪಾಯಿ ನೂರು ಹೊಸ ಪೈಸೆಯಾಯಿತು. ಒಂದು ಗುಂಟೆಗೆ ಹದಿನಾರು ಆಣೆ ಎಂಬ ಲೆಕ್ಕ ಮಾತ್ರ ಪಹಣಿಯಲ್ಲಿ ಕದಲದೆ ಕೂತಿದೆ.

ಪರೀಕ್ಷೆಯಲ್ಲಿ 1.3 ದೊಡ್ಡದೆಂದೇ ಬರೆಯಬೇಕು, ಅದರಲ್ಲಿ ಅಕ್ಕೋರು ರಿಯಾಯಿತಿ ಕೊಡುವುದಿಲ್ಲ. ಆದರೆ ದಶಮಾಂಶ ಶುರುಮಾಡುವ ಮೊದಲು ಈಗ ಪಹಣಿಯ ನಕಲು ತರಿಸುತ್ತಾರೆ. ಮಕ್ಕಳು ಸದ್ಯ ಜಗಳ ಆಡುತ್ತಿರುವುದು ಬೇರೆಯದಕ್ಕೆ: 12.3 ಓವರಿನಲ್ಲಿ 100 ರನ್ ಹೊಡೆದರೆ ಮೊಬೈಲು ಓವರಿಗೆ 8.13 ಎನ್ನುತ್ತದೆ, ಟೀವಿ 8 ಎನ್ನುತ್ತದೆ.