ಡೇವಿಸ್: ಸೈಕಲ್ಲಿಗೆ ನೆಲ ಬಿಟ್ಟುಕೊಟ್ಟ ವಿಶ್ವವಿದ್ಯಾನಿಲಯ

ವಿಶ್ವವಿದ್ಯಾನಿಲಯಗಳ ಆವರಣದಲ್ಲಿ ಸೈಕಲ್ ಬಳಕೆ ಹೆಚ್ಚಬೇಕೆಂಬ ಮಾತು ಬಂದಾಗಲೆಲ್ಲ ಜಾಥಾ, ಘೋಷಣೆ, ಪ್ರತಿಜ್ಞಾವಿಧಿಗಳೇ ಮುಂದೆ ಬರುತ್ತವೆ. ಆದರೆ ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದ ಡೇವಿಸ್ ಪಟ್ಟಣದಲ್ಲಿರುವ ವಿಶ್ವವಿದ್ಯಾನಿಲಯದ ಚರಿತ್ರೆಯನ್ನು ಗಮನಿಸಿದರೆ, ಅಲ್ಲಿ ಸೈಕಲ್ ಬೇರೂರಿದ್ದು ಉಪದೇಶದ ಬಲದಿಂದಲ್ಲ, ನೆಲವನ್ನು ಯಾರಿಗೆ ಎಷ್ಟು ಹಂಚಬೇಕೆಂಬ ತೀರ್ಮಾನದಿಂದ ಎಂಬುದು ತಿಳಿಯುತ್ತದೆ.

20ನೆಯ ಶತಮಾನದ ಆರಂಭದಲ್ಲಿ ಕೃಷಿ ಕಲಿಸುವ ತೋಟವಾಗಿ ಹುಟ್ಟಿದ ಈ ಸಂಸ್ಥೆ 1959ರಲ್ಲಿ ವಿವಿಧ ಶಾಸ್ತ್ರಗಳನ್ನು ಬೋಧಿಸುವ ಪೂರ್ಣ ಪ್ರಮಾಣದ ವಿದ್ಯಾಕೇಂದ್ರವಾಯಿತು. ವಿದ್ಯಾರ್ಥಿಗಳ ಸಂಖ್ಯೆ ಏರಲಿದ್ದ ಆ ಹೊತ್ತಿನಲ್ಲಿ ಅದರ ಮುಖ್ಯಸ್ಥರಾಗಿದ್ದ ಆಹಾರ ವಿಜ್ಞಾನಿ ಎಮಿಲ್ ಮ್ರಾಕ್, ಆವರಣವನ್ನು ಸೈಕಲ್ ಸವಾರರನ್ನು ಎಣಿಕೆಯಲ್ಲಿಟ್ಟುಕೊಂಡೇ ಯೋಜಿಸಬೇಕೆಂದು ವಾಸ್ತುಶಿಲ್ಪಿಗಳಿಗೆ ಸೂಚಿಸಿದರು. 1960ರ ದಶಕದಲ್ಲಿ ಆವರಣದ ನಡುಭಾಗವನ್ನು ಕಾರುಗಳಿಗೆ ಮುಚ್ಚಿ, ಅವುಗಳ ನಿಲುಗಡೆಯನ್ನು ಅಂಚಿಗೆ ತಳ್ಳಲಾಯಿತು. ಕಾರನ್ನು ದೂರದಲ್ಲಿ ನಿಲ್ಲಿಸಿ ನಡೆದು ಬರುವವನಿಗಿಂತ ಸೈಕಲ್ಲಿನವನೇ ತರಗತಿಯ ಬಾಗಿಲನ್ನು ಬೇಗ ತಲುಪುವಂತಾದ ಮೇಲೆ ಬೇರೆ ಪ್ರಚಾರದ ಅಗತ್ಯ ಹೆಚ್ಚು ಉಳಿಯಲಿಲ್ಲ. ಸಮತಟ್ಟಾದ ಬಯಲು ಸೀಮೆ ಇದಕ್ಕೆ ಒದಗಿ ಬಂದದ್ದು ನಿಜ. ಆದರೆ ಬೇಸಿಗೆಯಲ್ಲಿ ಉಷ್ಣಾಂಶ 38 ಡಿಗ್ರಿ ಸೆಲ್ಸಿಯಸ್ ದಾಟುವ ದಿನಗಳು ಅಲ್ಲಿ ಅಪರೂಪವಲ್ಲವಾದ್ದರಿಂದ, ಬಿಸಿಲೇ ಸೈಕಲ್ಲಿಗೆ ಅಡ್ಡಿ ಎಂಬ ವಾದಕ್ಕೆ ಡೇವಿಸ್ ಅಷ್ಟಾಗಿ ಬೆಂಬಲ ಕೊಡುವುದಿಲ್ಲ.

ಸೈಕಲ್ಲುಗಳು ಹೆಚ್ಚಿದಂತೆ ಸೈಕಲ್ಲುಗಳದೇ ದಟ್ಟಣೆ ಹುಟ್ಟಿತು. ಒಂದು ತರಗತಿ ಮುಗಿದು ಮತ್ತೊಂದು ಆರಂಭವಾಗುವ ಕೆಲವೇ ನಿಮಿಷಗಳಲ್ಲಿ ಸಾವಿರಾರು ಸವಾರರು ಒಮ್ಮೆಲೇ ದಾರಿಗಿಳಿಯುವುದರಿಂದ ಕೂಡುದಾರಿಗಳಲ್ಲಿ ಗೊಂದಲ ಸಹಜ. ಅಲ್ಲಿ 'ನಿಲ್ಲಿ' ಎಂಬ ಫಲಕ ನೆಟ್ಟರೆ ಪ್ರಯೋಜನ ಕಡಿಮೆ. ಏಕೆಂದರೆ ನಿಂತ ಸೈಕಲ್ಲಿಗೆ ಮತ್ತೆ ವೇಗ ತುಂಬಲು ಸವಾರನ ಕಾಲುಗಳೇ ದುಡಿಯಬೇಕು, ಆದ್ದರಿಂದ ಅವನು ನಿಲ್ಲದೆ ನುಸುಳಲು ನೋಡುತ್ತಾನೆ. ಈ ಸ್ವಭಾವದೊಡನೆ ಸೆಣಸದೆ, ವಿಶ್ವವಿದ್ಯಾನಿಲಯವು ಕೂಡುದಾರಿಗಳಲ್ಲಿ ಸೈಕಲ್ ವೃತ್ತಗಳನ್ನು ನಿರ್ಮಿಸಿತು. ವೃತ್ತದೊಳಗೆ ಈಗಾಗಲೇ ಸುತ್ತುತ್ತಿರುವವರಿಗೆ ಹೊರಗಿನಿಂದ ಬರುವವರು ದಾರಿ ಬಿಡಬೇಕೆಂಬ ಒಂದೇ ನಿಯಮದಿಂದ ಎಲ್ಲರೂ ವೇಗವನ್ನು ತುಸು ತಗ್ಗಿಸಿ, ನೆಲಕ್ಕೆ ಕಾಲೂರದೆ ಸಾಗಬಹುದು. ಅಮೆರಿಕದಲ್ಲಿ ಸಂಚಾರ ಬಲಬದಿಯದಾದ್ದರಿಂದ ಈ ಸುತ್ತು ದೇವಸ್ಥಾನದ ಪ್ರದಕ್ಷಿಣೆಗೆ ವಿರುದ್ಧ ದಿಕ್ಕಿನದು. ವರ್ಷಾರಂಭದಲ್ಲಿ ಹೊಸಬರು ಇಲ್ಲಿ ಡಿಕ್ಕಿ ಹೊಡೆದುಕೊಂಡು ಬೀಳುವುದು ಹಿರಿಯ ವಿದ್ಯಾರ್ಥಿಗಳಿಗೆ ಪುಕ್ಕಟೆ ಮನರಂಜನೆಯೂ ಹೌದು.

ಆವರಣದ ಗೇಟಿನ ಹೊರಗೆ ರಸ್ತೆ ಅಪಾಯಕಾರಿಯಾಗಿದ್ದರೆ ಒಳಗಿನ ಏರ್ಪಾಡು ಅರ್ಧಕ್ಕೇ ನಿಲ್ಲುತ್ತಿತ್ತು. ನೆದರ್ಲೆಂಡ್ಸ್‌ನಲ್ಲಿ ಕೆಲಕಾಲ ನೆಲೆಸಿ ಮರಳಿದ್ದ ಚೈಲ್ಡ್ ದಂಪತಿ ಮೊದಲಾದ ನಾಗರಿಕರ ಒತ್ತಾಯದಿಂದ 1966ರ ನಗರಸಭೆಯ ಚುನಾವಣೆಯಲ್ಲಿ ಸೈಕಲ್ ಪಥವೇ ಚರ್ಚೆಯ ವಿಷಯವಾಯಿತು. ಮರುವರ್ಷ, ರಸ್ತೆಯಲ್ಲಿ ಗೆರೆ ಎಳೆದು ಸೈಕಲ್ಲಿಗೆಂದೇ ಮೀಸಲಿಟ್ಟ ಪಟ್ಟಿಗಳು ಅಮೆರಿಕದಲ್ಲೇ ಮೊದಲ ಬಾರಿಗೆ ಡೇವಿಸ್‌ನಲ್ಲಿ ಮೂಡಿದವು. ಆವರಣದೊಳಗೆ, ಪಂಕ್ಚರ್, ಚೈನು, ಬ್ರೇಕುಗಳ ರಿಪೇರಿಗೆ 'ಸೈಕಲ್ ಕೊಟ್ಟಿಗೆ' ಎಂಬರ್ಥದ ಬೈಕ್ ಬಾರ್ನ್ ಎಂಬ ಅಂಗಡಿಯನ್ನು ವಿದ್ಯಾರ್ಥಿಗಳೇ ನಡೆಸತೊಡಗಿದರು. ಪಂಕ್ಚರ್ ಆದ ಸೈಕಲ್ ವಾರಗಟ್ಟಲೆ ಮೂಲೆ ಸೇರುವುದನ್ನು ತಪ್ಪಿಸುವ ಇಂಥ ಅಂಗಡಿಗೆ ಯೋಜನಾ ವರದಿಗಳು ಕೊಡುವ ಮಹತ್ವ ಸಾಮಾನ್ಯವಾಗಿ ಕಡಿಮೆಯೇ.

ಆದರೂ ಡೇವಿಸ್‌ನ ಕಥೆ ಏರುಮುಖದ್ದಷ್ಟೇ ಅಲ್ಲ. 1968ರಲ್ಲಿ ಲಂಡನ್ನಿನ ಹಳೆಯ ಡಬಲ್ ಡೆಕ್ಕರ್ ಬಸ್ಸುಗಳೊಡನೆ ವಿದ್ಯಾರ್ಥಿಗಳು ಆರಂಭಿಸಿದ ಯೂನಿಟ್ರಾನ್ಸ್ ಸೇವೆಗೆ ಮುಂದೆ ಶುಲ್ಕದ ಜೊತೆಯಲ್ಲೇ ಹಣ ಸಂಗ್ರಹವಾಗಿ, ಪದವಿ ವಿದ್ಯಾರ್ಥಿಗಳು ಟಿಕೆಟ್ ಕೊಳ್ಳದೆ ಪ್ರಯಾಣಿಸುವಂತಾದಾಗ ಸೈಕಲ್ ಬಳಕೆ ಇಳಿಯಿತು. ಪಟ್ಟಣ ಬೆಳೆದು ವಾಸದ ಮನೆಗಳು ದೂರವಾದದ್ದೂ ಅದಕ್ಕೆ ಸೇರಿಕೊಂಡಿತು. ಕಾರನ್ನು ಅಂಚಿಗೆ ಸರಿಸಿದಾಗ ಸೈಕಲ್ ಏರಿದವರೇ, ಬಸ್ಸು ಬಾಗಿಲಿಗೆ ಬಂದಾಗ ಬಸ್ಸನ್ನು ಹತ್ತಿದರು. ಪದವಿ ಮುಗಿಸಿದವರು ಬಿಟ್ಟುಹೋಗುವ ವಾರಸುದಾರರಿಲ್ಲದ ಸೈಕಲ್ಲುಗಳು ಸ್ಟ್ಯಾಂಡುಗಳಲ್ಲಿ ಜಾಗ ಹಿಡಿದು ನಿಲ್ಲುವುದರಿಂದ, ಅವುಗಳನ್ನು ಕಲೆಹಾಕಿ ಹರಾಜು ಹಾಕುವುದೂ ಈಗ ವಿಶ್ವವಿದ್ಯಾನಿಲಯದ ಸಂಚಾರ ವಿಭಾಗದ ಕೆಲಸಗಳಲ್ಲೊಂದು.