ಚಿತ್ರದ ಚೀಟಿಗೆ ನೂರು ಕೋಟಿ

ಸಿಗರೇಟು ಸೇದುವವರಿಗೆ ಒಂದಾನೊಂದು ಕಾಲದಲ್ಲಿ ಒಂದು ವಿಚಿತ್ರವಾದ ತೊಂದರೆಯಿತ್ತು. ಆಗಿನ ಪೊಟ್ಟಣ ಬರಿಯ ತೆಳುಗಾಗದದ್ದು. ಜೇಬಿನಲ್ಲಿಟ್ಟು ನಾಲ್ಕು ಹೆಜ್ಜೆ ನಡೆದರೆ ಒಳಗಿನ ಸಿಗರೇಟು ಮುರಿದು ಹೊಗೆಸೊಪ್ಪು ಉದುರುತ್ತಿತ್ತು. ಇದಕ್ಕೆ ಅಮೆರಿಕೆಯ ಕಂಪೆನಿಗಳು ಕಂಡುಕೊಂಡ ಪರಿಹಾರ ಬಹು ಸುಲಭವಾದುದು: ಪೊಟ್ಟಣದೊಳಗೆ ಒಂದು ದಪ್ಪ ರಟ್ಟಿನ ತುಂಡನ್ನು ಸೇರಿಸುವುದು. ಹೇಗೂ ರಟ್ಟು ಹಾಕಿಯಾಯಿತು, ಅದರ ಮೇಲೊಂದು ಚಿತ್ರವನ್ನೇಕೆ ಅಚ್ಚು ಮಾಡಬಾರದು? ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಹೀಗೆ ನಟಿಯರೂ ರಾಜರೂ ಹಕ್ಕಿಗಳೂ ಹಡಗುಗಳೂ ಸಿಗರೇಟು ಪೊಟ್ಟಣದೊಳಕ್ಕೆ ಬಂದರು. ಅವರೆಲ್ಲರನ್ನೂ ಹಿಂದೆ ಹಾಕಿದವರು ಆಟಗಾರರು. ಅಮೆರಿಕೆಯಲ್ಲಿ ಆಟವೆಂದರೆ ಬೇಸ್‌ಬಾಲ್. ಇಂಗ್ಲೆಂಡಿನಲ್ಲಿ, ನಮ್ಮ ಭಾಗ್ಯಕ್ಕೆ, ಕ್ರಿಕೆಟ್.

ಆ ರಟ್ಟಿನ ತುಂಡೇ ಇಂದು ನೂರು ಕೋಟಿ ರೂಪಾಯಿ ಬಾಳುತ್ತದೆಂದರೆ ವಾಚಕರು ನಕ್ಕಾರು. ಆದರೆ ಮಾತು ಉತ್ಪ್ರೇಕ್ಷೆಯದಲ್ಲ.

ಹೋನಸ್ ವ್ಯಾಗ್ನರ್ ಎಂಬಾತ ಪಿಟ್ಸ್‌ಬರ್ಗ್ ತಂಡದ ಹೆಸರಾಂತ ಆಟಗಾರ. 1909ರಿಂದ 1911ರವರೆಗೆ ಅಮೆರಿಕನ್ ಟೊಬ್ಯಾಕೊ ಕಂಪೆನಿ ಹೊರತಂದ ಚೀಟಿಗಳ ಸಾಲಿನಲ್ಲಿ ಆತನದೂ ಒಂದಿತ್ತು. ಅಗಲ ಒಂದೂವರೆ ಅಂಗುಲಕ್ಕೂ ಕಡಮೆ. ಉದ್ದ ಎರಡೂವರೆ ಅಂಗುಲಕ್ಕೆ ತುಸು ಹೆಚ್ಚು. ತನ್ನ ಚಿತ್ರವನ್ನು ಹಾಕಕೂಡದೆಂದು ವ್ಯಾಗ್ನರ್ ತಡೆದುದರಿಂದ ಅಚ್ಚು ಅರ್ಧದಲ್ಲಿಯೇ ನಿಂತಿತು. ಮಕ್ಕಳು ತನ್ನ ಚಿತ್ರಕ್ಕಾಗಿ ಹೊಗೆಸೊಪ್ಪು ಕೊಳ್ಳಬಾರದೆಂಬ ಕಳಕಳಿಯಿಂದ ತಡೆದನೆಂದು ಕೆಲವರು ಹೇಳುತ್ತಾರೆ. ಕಂಪೆನಿ ಹಣ ಕೊಡಲಿಲ್ಲವೆಂದು ಮುನಿದನೆಂದು ಇನ್ನು ಕೆಲವರು. ಮೊದಲನೆಯದನ್ನು ನಂಬಲು ಮನಸ್ಸು ಬಯಸುತ್ತದೆ. ಎರಡನೆಯದೂ ನ್ಯಾಯವೇ. ಕಾರಣವೇನೇ ಇರಲಿ, ಆ ಚೀಟಿ ಇಂದು ಲೋಕದಲ್ಲೆಲ್ಲ ಅರವತ್ತರ ಒಳಗೆ ಉಳಿದಿದೆ. 2021ರ ಹರಾಜಿನಲ್ಲಿ ಅವುಗಳಲ್ಲೊಂದು 66 ಲಕ್ಷ ಡಾಲರಿಗೆ ಹೋಯಿತು.

ಇನ್ನೊಂದು ಕಥೆ ಇದಕ್ಕಿಂತ ಸೋಜಿಗದ್ದು. ಟಾಪ್ಸ್ ಎಂಬುದು ಚೂಯಿಂಗ್ ಗಮ್ ಮಾರುತ್ತಿದ್ದ ಕಂಪೆನಿ. 1952ರಲ್ಲಿ ಅದು ಗಮ್ಮಿನೊಡನೆ ಬೇಸ್‌ಬಾಲ್ ಆಟಗಾರರ ದೊಡ್ಡ ಚೀಟಿಗಳನ್ನು ಕಂತುಕಂತಾಗಿ ಹೊರತಂದಿತು. ಕೊನೆಯ ಕಂತು ಅಂಗಡಿಗೆ ಬರುವ ಹೊತ್ತಿಗೆ ಆಟದ ಋತುವೇ ಮುಗಿಯುತ್ತ ಬಂದಿತ್ತು. ಕೊಳ್ಳುವವರಿಲ್ಲ. ಪೆಟ್ಟಿಗೆಗಳು ಬ್ರೂಕ್ಲಿನ್ನಿನ ಉಗ್ರಾಣದಲ್ಲಿ ಎಂಟು ವರ್ಷ ಬಿದ್ದಿದ್ದವು. ಅವುಗಳನ್ನು ರೂಪಿಸಿದ ಸೈ ಬರ್ಗರ್ ಎಂಬವರೇ 1960ರಲ್ಲಿ ಆ ರಾಶಿಯನ್ನು ದೋಣಿಗೆ ತುಂಬಿಸಿ ಅಟ್ಲಾಂಟಿಕ್ ಸಮುದ್ರದಲ್ಲಿ ಮುಳುಗಿಸಿ ಬಂದರು. ಆ ಕಂತಿನ ಮೊದಲ ಚೀಟಿ, 311ನೆಯದು, ಮಿಕಿ ಮ್ಯಾಂಟಲ್ ಎಂಬ ತರುಣನದು. ಸಮುದ್ರದ ಪಾಲಾಗದೆ ಉಳಿದವುಗಳಲ್ಲಿ ಕಲೆಯಿಲ್ಲದ ಒಂದು ಪ್ರತಿ 1991ರಲ್ಲಿ 50,000 ಡಾಲರಿಗೆ ಮಾರಾಟವಾಗಿತ್ತು. ಅದೇ ಪ್ರತಿ 2022ರ ಆಗಸ್ಟ್ ತಿಂಗಳಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಹರಾಜಾಯಿತು. ಅಂದಿನ ವಿನಿಮಯದಲ್ಲಿ ಲೆಕ್ಕ ಹಾಕಿದರೆ ನೂರು ಕೋಟಿ ರೂಪಾಯಿ.

ಬೆಲೆಯ ಗುಟ್ಟು ಇಲ್ಲಿಯೇ ಇದೆ. ಎಲ್ಲರೂ ಎಸೆದುದನ್ನು ಯಾರೋ ಒಬ್ಬರು ಎಸೆಯಲಿಲ್ಲ. ಎಲ್ಲರೂ ಜೋಪಾನ ಮಾಡತೊಡಗಿದರೆ ಏನಾಗುತ್ತದೆ? ಅದನ್ನೂ ಅಮೆರಿಕೆ ನೋಡಿದೆ. ಚೀಟಿಗಳಿಗೆ ಬೆಲೆ ಬರುವುದೆಂದು 1980ರ ದಶಕದ ಕೊನೆಯಲ್ಲಿ ಜನ ಪೆಟ್ಟಿಗೆಗಟ್ಟಲೆ ಕೊಂಡಿಟ್ಟರು. ಕಂಪೆನಿಗಳೂ ಲೆಕ್ಕವಿಲ್ಲದಷ್ಟು ಅಚ್ಚು ಹಾಕಿದವು. ಅವೆಲ್ಲ ಇಂದು ಹೊಚ್ಚ ಹೊಸದಾಗಿಯೇ ಇವೆ, ಕೇಳುವವರಿಲ್ಲ.

ಅಡಿಕೆಯೂ ಚೀಟಿಯೂ

ಚೀಟಿ ಅಪರೂಪದ್ದಾದರೆ ಸಾಲದು, ಅಂಚು ಮೂಲೆಗಳೂ ಚೊಕ್ಕಟವಾಗಿರಬೇಕು. ಶಿವಮೊಗ್ಗದ ಓದುಗರಿಗೆ ಇದನ್ನು ವಿವರಿಸುವುದು ಸುಲಭ. ನಮ್ಮ ಅಡಿಕೆ ಮಂಡಿಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ದರ್ಜೆ ಉಂಟಲ್ಲವೇ? ಎಲ್ಲವೂ ಅಡಿಕೆಯೇ. ಆದರೂ ಸರಕಿನ ಧಾರಣೆಗೂ ಗೊರಬಲಿನ ಧಾರಣೆಗೂ ಅಜಗಜಾಂತರ. ಚೀಟಿಗಳಿಗೆ ದರ್ಜೆ ಕಟ್ಟುವ ಸಂಸ್ಥೆಗಳು ಅಮೆರಿಕೆಯಲ್ಲಿವೆ. ಅವುಗಳಲ್ಲಿ ಮುಖ್ಯವಾದ ಪಿ.ಎಸ್.ಎ. 1991ರಲ್ಲಿ ಕೆಲಸ ಆರಂಭಿಸಿತು. ಅದು ಚೀಟಿಯನ್ನು ಪರೀಕ್ಷಿಸಿ ಒಂದರಿಂದ ಹತ್ತರವರೆಗೆ ಅಂಕ ಕೊಟ್ಟು ಪಾರದರ್ಶಕ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿಬಿಡುತ್ತದೆ. ಆಮೇಲೆ ಅದನ್ನು ಬೆರಳಿನಿಂದ ಮುಟ್ಟುವಂತಿಲ್ಲ. ಒಂದಂಕ ಹೆಚ್ಚಾದರೆ ಬೆಲೆ ಹತ್ತು ಮಡಿಯಾಗುವುದುಂಟು.

ಅಂಕಕ್ಕೆ ಇಷ್ಟು ಹಣವಿರುವಲ್ಲಿ ಕತ್ತರಿ ಸುಮ್ಮನಿರುತ್ತದೆಯೇ? ಆ ಸಂಸ್ಥೆ ಮೊಟ್ಟಮೊದಲು ದರ್ಜೆ ಕಟ್ಟಿದ ಚೀಟಿ ವ್ಯಾಗ್ನರನದೇ. ಐಸ್ ಹಾಕಿ ಆಟಗಾರ ವೇಯ್ನ್ ಗ್ರೆಟ್ಸ್ಕಿ ತಮ್ಮ ಜೊತೆಗಾರರೊಬ್ಬರೊಂದಿಗೆ ಸೇರಿ 1991ರಲ್ಲಿ ಅದನ್ನು 4,51,000 ಡಾಲರಿಗೆ ಕೊಂಡಿದ್ದರು. ಎಂಟು ಅಂಕ ಪಡೆದ ಅದರ ಅಂಚುಗಳ ಚೆಲುವನ್ನು ಲೋಕವೆಲ್ಲ ಹೊಗಳಿತು. ಇಪ್ಪತ್ತೆರಡು ವರ್ಷ ಕಳೆದ ಮೇಲೆ, 2013ರಲ್ಲಿ, ಬಿಲ್ ಮ್ಯಾಸ್ಟ್ರೊ ಎಂಬ ಹರಾಜುದಾರ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡ: ಆ ಅಂಚನ್ನು ತಾನೇ ಕತ್ತರಿಸಿ ಒಪ್ಪ ಮಾಡಿದ್ದೆನೆಂದು. ತನ್ನ ಹರಾಜುಗಳಲ್ಲಿ ಹುಸಿ ಸವಾಲು ಕೂಗಿಸಿ ಬೆಲೆ ಏರಿಸಿದುದೂ ಹೊರಬಿದ್ದಿತು. 2015ರಲ್ಲಿ ಆತನಿಗೆ ಇಪ್ಪತ್ತು ತಿಂಗಳ ಸೆರೆವಾಸವಾಯಿತು. ಕತ್ತರಿಸಿದ ಚೀಟಿ ಮಾತ್ರ ಮಾನ ಕಳೆದುಕೊಳ್ಳಲಿಲ್ಲ! ಅದರ ಹಗರಣವೇ ಅದರ ಕೀರ್ತಿಯಾಯಿತು.

ಕ್ರಿಕೆಟ್ಟಿನ ಮೊದಲ ಚೀಟಿಗಳ ಮಾಲೆಯನ್ನು ಇಂಗ್ಲೆಂಡಿನ ವಿಲ್ಸ್ ಕಂಪೆನಿ 1896ರಲ್ಲಿ ತಂದಿತು, ಐವತ್ತು ಆಟಗಾರರು. ಆಮೇಲೆ ಪ್ಲೇಯರ್ಸ್ ಕಂಪೆನಿ 1930, 1934, 1938ರಲ್ಲಿ ಬಣ್ಣದ ಮಾಲೆಗಳನ್ನು ಹೊರಡಿಸಿತು. ಯುದ್ಧದ ಕಾಲದಲ್ಲಿ ಕಾಗದಕ್ಕೆ ಕೊರತೆ ಬಂದು 1940ರಲ್ಲಿ ಎಲ್ಲವೂ ನಿಂತಿತು. ಭಾರತ ಕ್ರಿಕೆಟ್ಟಿನಲ್ಲಿ ತಲೆಯೆತ್ತಿ ನಿಲ್ಲುವ ಹೊತ್ತಿಗೆ ಸಿಗರೇಟು ಚೀಟಿಯ ಯುಗವೇ ಮುಗಿದಿತ್ತು.

ಹಾಗೆಂದು ನಮ್ಮ ಹುಡುಗರು ಸುಮ್ಮನಿದ್ದರೆಂದಲ್ಲ. ಚೀಟಿ ಸಿಗದಿದ್ದರೆ ಪೊಟ್ಟಣವೇ ಆಯಿತು. ಚಾರ್‌ಮಿನಾರ್, ಸಿಜರ್ಸ್, ಪಾಸಿಂಗ್ ಷೋ ಮುಂತಾದ ಸಿಗರೇಟು ಪ್ಯಾಕುಗಳನ್ನು ಬೀದಿಯಲ್ಲಿ ಆರಿಸಿ, ಬಿಡಿಸಿ, ಒಂದೊಂದಕ್ಕೂ ಇಷ್ಟಿಷ್ಟೆಂದು ಬೆಲೆ ಗೊತ್ತುಮಾಡಿ, ವೃತ್ತದೊಳಗಿಟ್ಟು ಚಪ್ಪಟೆಗಲ್ಲಿನಿಂದ ಹೊಡೆದು ಗೆಲ್ಲುವ ಆಟ ನಮ್ಮ ಊರುಗಳಲ್ಲೆಲ್ಲ ಇತ್ತು. ಸುಲಭವಾಗಿ ಸಿಗುವ ಪ್ಯಾಕಿಗೆ ಕಡಮೆ ಬೆಲೆ, ಅಪರೂಪದ್ದಕ್ಕೆ ಹೆಚ್ಚು. ನ್ಯೂಯಾರ್ಕಿನ ಹರಾಜುದಾರನಿಗೆ ತಿಳಿದ ಅರ್ಥಶಾಸ್ತ್ರ ಬರಿಗಾಲಿನ ಹುಡುಗನಿಗೂ ತಿಳಿದಿತ್ತೆಂದಾಯಿತು. ಬೆಂಕಿಪೊಟ್ಟಣದ ಚಿತ್ರಗಳನ್ನು ನೋಟುಪುಸ್ತಕದಲ್ಲಿ ಅಂಟಿಸುವ ಹವ್ಯಾಸವೂ ಮನೆಮನೆಯಲ್ಲಿತ್ತು. ವಿಶ್ವಕಪ್ ಪಂದ್ಯಾವಳಿ ನಮ್ಮಲ್ಲಿ ನಡೆದ 1987ರ ಸುಮಾರಿಗೆ ‘ಬಿಗ್ ಫನ್’ ಬಬಲ್‌ಗಮ್ಮಿನೊಡನೆ ಕ್ರಿಕೆಟ್ ಚೀಟಿಗಳು ಬಂದವು. ಅವುಗಳಲ್ಲಿ ಅಚ್ಚಾಗಿದ್ದ ರನ್ನುಗಳನ್ನು ಕೂಡಿಸಿದ ಹುಡುಗನಿಗೆ ಬಹುಮಾನ. ನನ್ನ ಬಾಲ್ಯದ ಹೊತ್ತಿಗೆ ಕುಸ್ತಿಪಟುಗಳ ಟ್ರಂಪ್ ಕಾರ್ಡುಗಳ ಹಾವಳಿ. ಅದರ ವಿಷಯ ಇಲ್ಲಿ ಬೇಡ.

ಕಾಗದದ ಊರಿನ ಆಟಗಾರ

ನವುಲೆಯೆಂದರೆ ಇಂದು ಹೊರಗಿನವರಿಗೆ ನೆನಪಾಗುವುದು ಅಲ್ಲಿಯ ಕ್ರಿಕೆಟ್ ಮೈದಾನ. ರಣಜಿ ಪಂದ್ಯಗಳು ಅಲ್ಲಿ ನಡೆದಿವೆ. 2020ರ ಫೆಬ್ರವರಿಯಲ್ಲಿ ಕರ್ನಾಟಕವೂ ಮಧ್ಯಪ್ರದೇಶವೂ ಸೆಣಸಿದುದು ಅಲ್ಲಿಯೇ. ಆದರೆ ಈ ಸೀಮೆಯ ಕ್ರಿಕೆಟ್ ಹೆಮ್ಮೆ ಮೈದಾನಕ್ಕಿಂತ ಬಹಳ ಹಳೆಯದು. ಗುಂಡಪ್ಪ ವಿಶ್ವನಾಥ್ ಹುಟ್ಟಿದುದು 1949ರ ಫೆಬ್ರವರಿ 12ರಂದು, ಭದ್ರಾವತಿಯಲ್ಲಿ. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯದ ಎದುರು ಆಡಿದ ಮೊದಲ ಟೆಸ್ಟಿನಲ್ಲಿಯೇ ಒಂದು ಸರದಿಯಲ್ಲಿ ಸೊನ್ನೆ, ಇನ್ನೊಂದರಲ್ಲಿ 137. ಒಟ್ಟು 91 ಟೆಸ್ಟುಗಳು, 6,080 ರನ್ನುಗಳು, 14 ಶತಕಗಳು. ಶತಕವಲ್ಲದ ಒಂದು ಆಟವನ್ನೇ ಹಳಬರು ಹೆಚ್ಚಾಗಿ ನೆನೆಯುತ್ತಾರೆ: 1975ರ ಜನವರಿಯಲ್ಲಿ ಮದ್ರಾಸಿನಲ್ಲಿ, ಆಂಡಿ ರಾಬರ್ಟ್ಸ್ ಏಳು ಮಂದಿಯನ್ನು ಉರುಳಿಸುತ್ತಿದ್ದಾಗ ಇತ್ತಕಡೆ ನಿಂತು ಹೊಡೆದ ಔಟಾಗದ 97.

ಇಂಥವರ ಚಿತ್ರವನ್ನು ಸಿಗರೇಟು ಕಂಪೆನಿ ಕೊಡದಿದ್ದರೆ ಪತ್ರಿಕೆ ಕೊಡುತ್ತಿತ್ತು. ಮದ್ರಾಸಿನ ‘ಸ್ಪೋರ್ಟ್ ಅಂಡ್ ಪಾಸ್‌ಟೈಮ್’ 1968ರಲ್ಲಿ ನಿಂತಿತು. ‘ಸ್ಪೋರ್ಟ್‌ಸ್ಟಾರ್’ 1978ರಲ್ಲಿ ಹೊರಟಿತು. ನಡುವಿನ ವರ್ಷಗಳಲ್ಲಿ ದಿನಪತ್ರಿಕೆಗಳೇ ಗತಿ. ನವುಲೆಯಲ್ಲಿ ನನ್ನ ಪರಿಚಯದ ಹಿರಿಯರೊಬ್ಬರಿದ್ದಾರೆ. ವಿಶ್ವನಾಥರ ಓರಗೆಯವರು, ಭದ್ರಾವತಿಯ ಕಾಗದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. 1936ರಲ್ಲಿ ಸ್ಥಾಪಿತವಾದ ಮೈಸೂರು ಪೇಪರ್ ಮಿಲ್ಸ್ 2015ರ ಸುಮಾರಿಗೆ ಸ್ತಬ್ಧವಾಯಿತು. ಆ ಕಾರ್ಖಾನೆಯ ಕಾಗದವನ್ನೇ ಹೊಲಿದು ಮಾಡಿದ ಅರವತ್ತೆರಡು ಪುಟಗಳ ಆಲ್ಬಮ್ಮೊಂದು ಅವರ ಟ್ರಂಕಿನಲ್ಲಿದೆ. ಪ್ರತಿ ಪುಟದಲ್ಲಿಯೂ ವಿಶ್ವನಾಥ್: ಚೌಕದ ಕಡೆಗೆ ಹೊಡೆಯುವ ವಿಶ್ವನಾಥ್, ಟೊಪ್ಪಿಗೆ ತೆಗೆದ ವಿಶ್ವನಾಥ್. ಅಂಟು ಮೈದಾಹಿಟ್ಟಿನದು, ಹುಳು ಹಿಡಿಯದಿರಲೆಂದು ಅದರಲ್ಲಿ ಚಿಟಿಕೆ ಮೈಲುತುತ್ತ ಬೆರೆಸಿದ್ದರಂತೆ. ಮಲೆನಾಡಿನ ಐವತ್ತು ಮಳೆಗಾಲಗಳನ್ನು ಅದು ತಡೆದುಕೊಂಡಿದೆ. ನಡುವಿನ ಪುಟವೊಂದರಲ್ಲಿ ಒಂದು ಸಹಿ. 1974ರ ನವೆಂಬರಿನಲ್ಲಿ ಬೆಂಗಳೂರಿನ ಮೊದಲ ಟೆಸ್ಟ್ ಪಂದ್ಯ, ವೆಸ್ಟ್ ಇಂಡೀಸ್ ಎದುರು, ನಡೆದಾಗ ರಜೆ ಹಾಕಿ ರೈಲು ಹತ್ತಿ ಹೋಗಿ ಮೈದಾನದ ಹೊರಗೆ ಕಾದು ಪಡೆದುದು.

ಈಗ ಮಗ ಬೆಂಗಳೂರಿನಲ್ಲಿ ನೆಲೆಸಿದ್ದಾನೆ. ನವುಲೆಯ ಮನೆಯನ್ನು ಮಾರುವ ಮಾತು ನಡೆದಿದೆ. ಅಲ್ಲಿಯ ಮೂರನೆಯ ಅಂತಸ್ತಿನ ಮನೆಯಲ್ಲಿ ಟ್ರಂಕುಗಳಿಗೆ ಜಾಗವಿಲ್ಲ. ಮೊಮ್ಮಗ ಚುರುಕು ಹುಡುಗ. ಅಮೆರಿಕೆಯ ಚೀಟಿಗಳ ಬೆಲೆಯನ್ನು ಮೊದಲು ನನಗೆ ಹೇಳಿದವನೇ ಅವನು. ಆಲ್ಬಮ್ಮಿನ ಚಿತ್ರ ತೆಗೆದು ವ್ಯಾಪಾರಿಯೊಬ್ಬನಿಗೆ ಕಳುಹಿಸಿದ. ಸಹಿಗೆ ಎರಡೂವರೆ ಸಾವಿರ ಕೊಡುತ್ತೇನೆ, ಆ ತುಂಡನ್ನಷ್ಟೇ ಕತ್ತರಿಸಿ ಕಳುಹಿಸಿ, ಉಳಿದುದಕ್ಕೆ ಬೆಲೆಯಿಲ್ಲ ಎಂದು ಉತ್ತರ ಬಂದಿತು.

“ಅಜ್ಜ, ಅಂಟಿಸಿದ್ದಕ್ಕೇ ಬೆಲೆ ಹೋಯಿತು ನೋಡಿ” ಎಂದ ಹುಡುಗ.

“ಅಂಟಿಸದಿದ್ದರೆ ಇದು ಉಳಿಯುತ್ತಿತ್ತೇನಪ್ಪ?” ಎಂದರು ಅವರು. ಬಳಿಕ ನನ್ನ ಕಡೆ ತಿರುಗಿ, “ಮೇಷ್ಟ್ರೇ, ನೀವೇ ಹೇಳಿ. ಅದನ್ನು ಕತ್ತರಿಸಿ ಕೊಟ್ಟರೆ ಆ ಪುಟದ ಹಿಂದಿನ ಮದ್ರಾಸಿನ ಆಟವೂ ಹೋಗುತ್ತದೆ” ಎಂದರು.

ವ್ಯಾಪಾರದ ದೃಷ್ಟಿಯಿಂದ ಹುಡುಗನ ಮಾತು ಸರಿ. ಆದರೆ ಆಗ ನನಗೆ ನೆನಪಾದುದು ಜೆಫರ್ಸನ್ ಬರ್ಡಿಕ್ ಎಂಬ ಅಮೆರಿಕನ್ನನ ವೃತ್ತಾಂತ. ಸಿರಕ್ಯೂಸ್ ನಗರದ ವಿದ್ಯುತ್ ಸಾಮಗ್ರಿಗಳ ಕಾರ್ಖಾನೆಯೊಂದರಲ್ಲಿ ಕೆಲಸಗಾರ. ಕೀಲುನೋವಿನಿಂದ ಕೈಬೆರಳುಗಳು ಸೊಟ್ಟಗಾಗಿದ್ದವು. ಸಾಲದ ಸಂಬಳದಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಚೀಟಿಗಳನ್ನು ಕೂಡಿಸಿದ. ಅವುಗಳಲ್ಲಿ ಬೇಸ್‌ಬಾಲಿನವೇ ಮೂವತ್ತು ಸಾವಿರದಷ್ಟು. ಅವುಗಳಿಗೆ ಸಾಲು, ಸಂಖ್ಯೆ ಕೊಟ್ಟು ಪಟ್ಟಿ ಮಾಡಿದವನೂ ಅವನೇ. ವ್ಯಾಗ್ನರನ ಚೀಟಿಯನ್ನು ಇಂದಿಗೂ ಅವನು ಕೊಟ್ಟ ‘ಟಿ206’ ಎಂಬ ಗುರುತಿನಿಂದಲೇ ಕರೆಯುತ್ತಾರೆ. ಒಂದನ್ನೂ ಮಾರದೆ ಎಲ್ಲವನ್ನೂ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಕಲಾ ಸಂಗ್ರಹಾಲಯಕ್ಕೆ ಕೊಟ್ಟ. ಕೊಟ್ಟು ಸುಮ್ಮನಾಗಲಿಲ್ಲ, ಅಲ್ಲಿಯೇ ಕುಳಿತು ವರ್ಷಾನುಗಟ್ಟಲೆ ತನ್ನ ಕೈಯಾರೆ ಆಲ್ಬಮ್ಮುಗಳಲ್ಲಿ ಅಂಟಿಸಿದ. 1963ರ ಜನವರಿಯಲ್ಲಿ ಕೊನೆಯ ಚೀಟಿಯನ್ನು ಅಂಟಿಸಿ ಎದ್ದ. ಮಾರ್ಚಿಯಲ್ಲಿ ತೀರಿಕೊಂಡ. ಅಂಟು ತಗುಲಿದ ಆ ಚೀಟಿಗಳಿಗೆ ದರ್ಜೆ ಕಟ್ಟುವವನು ಎಷ್ಟು ಅಂಕ ಕೊಟ್ಟಾನೋ ಏನೋ, ಅವುಗಳನ್ನು ಮಾರುವವರು ಮಾತ್ರ ಅಲ್ಲಿ ಯಾರೂ ಇಲ್ಲ.

ನಮ್ಮಲ್ಲಿ ಅಂಥ ಬಾಗಿಲು ಎಲ್ಲಿದೆ? ಶಿವಪ್ಪನಾಯಕನ ಅರಮನೆಯ ಸಂಗ್ರಹಾಲಯದಲ್ಲಿ ವೀರಗಲ್ಲುಗಳಿಗೆ ಜಾಗವುಂಟು, ಅದು ಯೋಗ್ಯವೇ. ಪತ್ರಿಕೆಯ ಚೂರುಗಳಿಗೆ ಯಾರು ಜಾಗ ಕೊಡುವರು? ಒಂದು ಗ್ರಂಥಭಂಡಾರದಲ್ಲಿ ನಾನೇ ವಿಚಾರಿಸಿದೆ. ಆಲ್ಬಮ್ಮನ್ನು ಯಾವ ಶೀರ್ಷಿಕೆಯಡಿ ದಾಖಲು ಮಾಡಬೇಕೆಂಬುದು ನಿಯಮದಲ್ಲಿಲ್ಲವೆಂದರು. ಕ್ರಿಕೆಟ್ಟಿನ ಹಳೆಯ ವಸ್ತುಗಳಿಗೆ ಲೋಕದಲ್ಲಿ ಬೆಲೆಯಿಲ್ಲವೆಂದಲ್ಲ. ಷೇನ್ ವಾರ್ನರ ಹಸಿರು ಟೊಪ್ಪಿಗೆ 2020ರಲ್ಲಿ ಕಾಳ್ಗಿಚ್ಚಿನ ಸಂತ್ರಸ್ತರಿಗಾಗಿ ಹತ್ತು ಲಕ್ಷ ಆಸ್ಟ್ರೇಲಿಯನ್ ಡಾಲರಿಗೂ ಮೀರಿ ಹೋಯಿತು. 1947–48ರ ಸರಣಿಯಲ್ಲಿ ಬ್ರಾಡ್‌ಮನ್ನರು ಧರಿಸಿ ಭಾರತ ತಂಡದ ವ್ಯವಸ್ಥಾಪಕ ಪಂಕಜ್ ಗುಪ್ತರಿಗೆ ಉಡುಗೊರೆಯಾಗಿತ್ತರೆನ್ನಲಾದ ಟೊಪ್ಪಿಗೆ 2024ರ ಡಿಸೆಂಬರಿನಲ್ಲಿ, ಶುಲ್ಕಗಳೂ ಸೇರಿ, 4,79,700 ಆಸ್ಟ್ರೇಲಿಯನ್ ಡಾಲರು ತಂದಿತು. ನಮ್ಮವರೇ ಆದ ಕೆ. ಎಲ್. ರಾಹುಲ್ ದಂಪತಿಗಳು ಅದೇ ವರ್ಷ ವಿಶೇಷ ಅಗತ್ಯದ ಮಕ್ಕಳಿಗಾಗಿ ನಡೆಸಿದ ಹರಾಜಿನಲ್ಲಿ ವಿರಾಟ್ ಕೊಹ್ಲಿಯವರ ಅಂಗಿಗೆ ನಲವತ್ತು ಲಕ್ಷ ರೂಪಾಯಿ ಬಂದಿತು. ಇವೆಲ್ಲ ಆಟಗಾರನ ಮೈಮೇಲಿದ್ದ ವಸ್ತುಗಳು. ನೋಡಿದವನ ಕೈಯಲ್ಲಿದ್ದ ವಸ್ತುವಿಗೆ ಇನ್ನೂ ಸವಾಲು ಕೂಗುವವರು ಹುಟ್ಟಿಲ್ಲ.

ನಿಮ್ಮ ಅಟ್ಟದಲ್ಲಿಯೂ ಇಂಥದೊಂದು ಕಟ್ಟು ಇದ್ದರೆ ಗುಜರಿಯವನ ತಕ್ಕಡಿಗೆ ಹಾಕುವ ಮುನ್ನ ಒಮ್ಮೆ ಬಿಚ್ಚಿ ನೋಡಿ. ಅಂಟಿದುದನ್ನು ಕಿತ್ತು ತೆಗೆಯಬೇಡಿ, ಬಿಸಿಲಿಗೆ ಒಡ್ಡಬೇಡಿ. ಹಾಳೆಗಳ ನಡುವೆ ಬಿಳಿಯ ಒಣ ಕಾಗದವಿರಿಸಿ. ಸಹಿಯಿದ್ದರೆ ಎಲ್ಲಿ, ಎಂದು, ಯಾರ ಎದುರು ಪಡೆದುದೆಂದು ಪ್ರತ್ಯೇಕ ಹಾಳೆಯಲ್ಲಿ ಬರೆದಿಡಿ. ಹರಾಜಿನವರು ಮೊದಲು ಕೇಳುವುದೂ ಅದನ್ನೇ. ಮಾರುವುದಾದರೆ ಇಡಿಯಾಗಿಯೇ ಮಾರಿ.

ನವುಲೆಯ ಹಿರಿಯರು ಎರಡೂವರೆ ಸಾವಿರವನ್ನು ಒಲ್ಲೆನೆಂದರು. ಮೊಮ್ಮಗ ಸ್ವಲ್ಪ ಮುನಿದನಾದರೂ ಭಾನುವಾರ ಭಾನುವಾರ ಬಂದು ಅಜ್ಜನ ಪಕ್ಕದಲ್ಲಿ ಕೂರುತ್ತಾನೆ. ಅವರು ಒಂದೊಂದು ಚಿತ್ರವೂ ಯಾವ ಪಂದ್ಯದ್ದು, ಆ ದಿನ ರೇಡಿಯೋ ಯಾರ ಮನೆಯಲ್ಲಿತ್ತು, ಯಾವ ಪಾಳಿಯ ಕೆಲಸ ತಪ್ಪಿಸಿ ಕೇಳಿದರು ಎಂಬುದನ್ನು ಹೇಳುತ್ತಾರೆ, ಅವನು ಬರೆದುಕೊಳ್ಳುತ್ತಾನೆ. ಈವರೆಗೆ ಹತ್ತೊಂಬತ್ತು ಪುಟಗಳು ಮುಗಿದಿವೆ. ಮನೆ ಕೊಳ್ಳುವವರು ಯುಗಾದಿಯ ನಂತರ ಬರುತ್ತೇವೆಂದಿದ್ದಾರೆ.