ಬೋರ್ಡ್ ಬರೆಯೋರ ಗುಟ್ಟು

ಸ್ಕೇಲ್ ಇಲ್ಲದೆ,
ಗೋಡೆ ಮೇಲೆ ಹತ್ತಡಿ ಉದ್ದದ ನೇರ ಗೆರೆ ಎಳೀತೀರಾ?

ಬೋರ್ಡ್ ಬರೆಯೋ ಪೇಂಟರ್ ಎಳೀತಾರೆ.
ಬರೀ ಒಂದು ದಾರದಲ್ಲಿ!

ದಾರಕ್ಕೆ ಸೀಮೆಸುಣ್ಣ ಉಜ್ಜಿ,
ಎರಡೂ ತುದಿ ಬಿಗಿಯಾಗಿ ಹಿಡಿದು,
ನಡುವೆ ಎಳೆದು ಬಿಟ್ರೆ... ಟಪ್!
ಗೆರೆ ರೆಡಿ.

ಈಗ ಅಕ್ಷರ.
ಇಂಗ್ಲಿಷ್ ಕ್ಯಾಪಿಟಲ್ ಅಕ್ಷರ
ಎರಡು ಗೆರೆ ಮಧ್ಯೆ ತೆಪ್ಪಗೆ ಕೂರುತ್ತೆ.
ಕನ್ನಡ ಕೂರಲ್ಲ.

‘ಲಕ್ಷ್ಮೀ ಟೈಲರ್ಸ್’ ಅಂತ ಬರೀಬೇಕು ಅನ್ಕೊಳ್ಳಿ.
ಆ ‘ಕ್ಷ್ಮೀ’ ನೋಡಿ.
ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ, ಕೆಳಗೆ ಒತ್ತು.
ಜಾಗ ಬಿಡದಿದ್ರೆ,
ಒತ್ತು ಹೋಗಿ ಕೆಳಗಿನ ಸಾಲಿನ ತಲೆ ಮೇಲೆ ಕೂರುತ್ತೆ!

ಅದಕ್ಕೇ ಮದುವೆ ಪಂಕ್ತಿಗೆ ಎಲೆ ಹಾಕೋ ಹಾಗೆ,
ಮೊದಲು ಎಲ್ಲರಿಗೂ ಜಾಗ,
ಆಮೇಲೆ ಬಡಿಸೋದು.
ಚಾಕ್‌ನಲ್ಲಿ ಗುರುತು, ಆಮೇಲೆ ಎನಾಮೆಲ್ ಪೇಂಟು.
ಕೊನೆಗೆ ಒಂದು ಬದಿಗೆ ನೆರಳು.
ಅಕ್ಷರ ಗೋಡೆಯಿಂದ ಎದ್ದು ಬರುತ್ತೆ.

ಫ್ಲೆಕ್ಸ್ ಬಂತು. ಅಗ್ಗ, ಬೇಗ.
ಎಷ್ಟೋ ಪೇಂಟರ್‌ಗಳು ಕೆಲಸ ಬಿಟ್ರು.
ಆದ್ರೆ ಬಿಸಿಲಿಗೆ ಫ್ಲೆಕ್ಸ್ ಬಿಳುಚುತ್ತೆ, ಗಾಳಿಗೆ ಹರಿಯುತ್ತೆ.
ಸುತ್ತಿಕೊಳ್ಳೋ ಶಟರ್ ಮೇಲೆ? ಬ್ರಷ್ಷೇ ಸರಿ.

ಇನ್ನೊಂದು ಮಾತು: ಕರ್ನಾಟಕದ 2024ರ ಕಾನೂನಿನ ಪ್ರಕಾರ
ಅಂಗಡಿ ನಾಮಫಲಕದಲ್ಲಿ ಶೇ. 60 ಕನ್ನಡ ಇರಲೇಬೇಕು.

ನಿಮ್ಮದೂ ಅಂಗಡಿ ಇದೆಯಾ?
ಊರಲ್ಲಿ ಚೆಂದ ಕಂಡ ಬೋರ್ಡಿನ ಮೂಲೆ ನೋಡಿ,
ಎಷ್ಟೋ ಸಲ ಪೇಂಟರ್ ಹೆಸರು, ನಂಬರ್ ಇರುತ್ತೆ.
ಒಂದು ಫೋನ್ ಮಾಡಿ.